ನೋಟಿನ ದೀಪದ ಕೆಳಗೆ ಕಾಕಾನ ಹೆಲ್ಮೆಟ್ ಕವರು

ಕಳೆದ ಗುರುವಾರ ಮಧ್ಯಾಹ್ನ, ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಸೀರೆ ಅಂಗಡಿಯ ಗಲ್ಲಾದ ಪಕ್ಕದಲ್ಲಿ, ನಮ್ಮ ಕಾಕಾನ ಹೆಲ್ಮೆಟ್ ಕವರು ಹೊಳೆಯಿತು.

ಹೊಳೆಯಬಾರದಿತ್ತು.

ಖೋಟಾ ನೋಟು ಹಿಡಿಯಲು ಅಂಗಡಿಯವರು ಈಗೀಗ ನೇರಳೆ ಬೆಳಕಿನ ಒಂದು ಸಣ್ಣ ಡಬ್ಬಿ ಇಟ್ಟುಕೊಂಡಿರುತ್ತಾರಲ್ಲ, ಅದರ ಕೆಳಗೆ ಮೂವತ್ತು ವರ್ಷ ಹಿಂದಿನ ಹತ್ತಿ ಬಟ್ಟೆ ಹಿಡಿದರೆ ಅದು ಕಪ್ಪಗೆ, ಸುಮ್ಮನೆ ಬಿದ್ದಿರಬೇಕು. ಈಚಿನ ಬಟ್ಟೆಯಾದರೆ, ಈಚಿನ ದಾರವಾದರೆ ತಿಳಿನೀಲಿಯಾಗಿ ಬೆಳಗುತ್ತದೆ. ಈಗಿನ ಗಿರಣಿಗಳು ಬಟ್ಟೆ ಬೆಳ್ಳಗೆ ಕಾಣಲೆಂದು ಏನೋ ಒಂದು ರಾಸಾಯನಿಕ ಬೆರೆಸುತ್ತವೆ, ಅದು ಈ ಬೆಳಕಿಗೆ ಬಾಯಿ ಬಿಡುತ್ತದೆ. ಹಳೆಯ ಮಿಲಿಟರಿ ಸಾಮಾನು ಕೂಡಿಸುವವರೆಲ್ಲ ಮೊದಲು ಕಲಿಯುವ ಪಾಠವೇ ಇದು. ಮಂಕಾಗಿದ್ದರೆ ಖರೆ. ಬೆಳಗಿದರೆ ನಕಲಿ.

ಕಾಕಾನ ಕವರು ಬೆಳಗಿತು.

ನನ್ನ ಈ ಹುಚ್ಚು, ಈ ಅಂಕಣ ಓದುವವರಿಗೆ ಹೊಸದಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ, ಧಾರವಾಡದ ಸಪ್ತಾಪುರದ ಬಾಡಿಗೆ ಮನೆಯಲ್ಲಿ ಬಿಲ್ಲೆ, ಬಕಲು, ಹೆಲ್ಮೆಟ್ ಕವರು ಕೂಡಿ ಹಾಕುತ್ತೇನೆ. ಹೆಲ್ಮೆಟ್ ಕವರು ಎಂದರೆ ಸೈನಿಕನ ಉಕ್ಕಿನ ಟೊಪ್ಪಿಗೆಯ ಮೇಲೆ ಎಳೆದು ಹಾಕುವ ಬಟ್ಟೆಯ ಹೊದಿಕೆ. ಉಕ್ಕು ಬಿಸಿಲಿಗೆ ಮಿಂಚುತ್ತದೆ, ಮಿಂಚಿದರೆ ವೈರಿಗೆ ತಲೆ ಸಿಗುತ್ತದೆ. ಆ ಮಿಂಚು ಮರೆಸಲೆಂದು ಇಷ್ಟು ಬಟ್ಟೆ. ಅಷ್ಟೇ ಅದರ ಕೆಲಸ.

ಕಾರ್ಗಿಲ್ ಆದಮೇಲೆ ಇಂಥವಕ್ಕೆ ಗಿರಾಕಿ ಹೆಚ್ಚಿದರು. ಗಿರಾಕಿ ಹೆಚ್ಚಿದಲ್ಲಿ ನಕಲಿ ಹುಟ್ಟದಿರುತ್ತದೆಯೇ? ಹೊಸ ಬಟ್ಟೆ ಹೊಲಿದು, ಚಹಾದಲ್ಲಿ ನೆನೆಸಿ, ಮಾಳಿಗೆಯ ಮೇಲೆ ಒಣಗಿಸಿ, ಅಂಚಿಗೆ ಮಣ್ಣು ತಿಕ್ಕಿ ‘ಹಳೇದು’ ಮಾಡುತ್ತಾರೆ. (ನಾನೂ ಒಂದು ಕೊಂಡಿದ್ದೇನೆ. ಮಳೆಗಾಲದಲ್ಲಿ ಕಪಾಟು ತೆಗೆದರೆ ಯಾಲಕ್ಕಿ ಚಹಾದ ವಾಸನೆ ಬರುತ್ತದೆ.) ಆಮೇಲೆ ಹುಷಾರಾದೆ. ಸೈಬರ್ ಕೆಫೆಯಲ್ಲಿ ಕೂತು ಅಮೆರಿಕದ, ಜರ್ಮನಿಯ ಸಂಗ್ರಾಹಕರು ಬರೆದದ್ದನ್ನೆಲ್ಲ ಓದಿದೆ. ಹೊಲಿಗೆ ಎಷ್ಟು ಒತ್ತಾಗಿರಬೇಕು, ಅಂಚು ಎಲ್ಲಿ ಸವೆದಿರಬೇಕು, ದಾರದ ಎಳೆ ಸುಟ್ಟರೆ ಹತ್ತಿಯ ಹಾಗೆ ಬೂದಿಯಾಗಬೇಕೋ ನೈಲಾನಿನ ಹಾಗೆ ಗಂಟಾಗಬೇಕೋ, ಎಲ್ಲ ಬಾಯಿಪಾಠವಾಯಿತು. ಈಗ ಗುರುತಿನವರು ಏನಾದರೂ ಹಳೆಯದು ಸಿಕ್ಕರೆ ನನ್ನ ಬಳಿ ತರುತ್ತಾರೆ. ನಾನು ನೋಡುತ್ತೇನೆ. ಹೌದು ಎನ್ನುತ್ತೇನೆ, ಇಲ್ಲವೇ ಅಲ್ಲ ಎನ್ನುತ್ತೇನೆ.

ಹೋದ ತಿಂಗಳು ಕಾಕಾನ ಮಗಳು ಸಾವಿತ್ರಿ ಬಂದಳು. ಶಿರಗುಪ್ಪಿಯಲ್ಲಿ ಅಂಗನವಾಡಿ ಟೀಚರು. ಧಾರವಾಡಕ್ಕೆ ಮೀಟಿಂಗಿಗೆ ಬಂದವಳು ಕೈಚೀಲದಿಂದ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟಳು.

“ಅಪ್ಪಂದು. ಟೊಪ್ಪಿಗಿ ಕವರು. ಊರ ಸಾಲ್ಯಾಗ ಅಪ್ಪನ ಹೆಸರಲೆ ಒಂದು ಗಾಜಿನ ಕಪಾಟ ಮಾಡ್ಯಾರ. ಆಗಸ್ಟ್ ಹದಿನೈದಕ್ಕ ಅದರಾಗ ಇಡ್ತಾರಂತ. ಕೊಡೂಕಿಂತ ಮೊದಲ ಬಸೂನ ಕಡೆ ಒಮ್ಮಿ ನೋಡಿಸ್ಕೊಂಡ ಬಾ ಅಂದ್ಲು ಅವ್ವ.”

ಬಸೂ ಅಂದರೆ ನಾನೇ. ಏನನ್ನು ನೋಡಬೇಕು ಎಂದು ಕೇಳಲಿಲ್ಲ. ನನ್ನ ಬಳಿ ಇಂಥದ್ದನ್ನು ತರುವವರು ಕೇಳುವುದು ಒಂದೇ ಪ್ರಶ್ನೆ.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಎಪ್ಪತ್ತೊಂದರ ಯುದ್ಧದಲ್ಲಿ ಹೋದ. ಆಗ ನನಗೆ ಆರು ವರ್ಷ, ಸಾವಿತ್ರಿ ಹಾಲು ಬಿಟ್ಟಿರಲಿಲ್ಲ. ದೇಹ ಊರಿಗೆ ಬರಲಿಲ್ಲ. ಕೆಲವು ತಿಂಗಳ ಮೇಲೆ ಒಂದು ತಗಡಿನ ಟ್ರಂಕು ಬಂತು. ಅದರಲ್ಲಿ ಈ ಕವರಿತ್ತು. ಅಂದಿನಿಂದ ಅದು ಕಾಕಿಯ ಮನೆಯಲ್ಲೇ ಇದೆ. ನಾನು ಎಷ್ಟೋ ಸಲ ಹೋಗಿದ್ದೇನೆ, ಅದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅದು ಸಂಗ್ರಹದ ವಸ್ತು ಎಂದು ಅನಿಸಿರಲೇ ಇಲ್ಲ. ದೇವರ ಜಗಲಿಯ ಮೇಲಿದ್ದದ್ದನ್ನು ತಿರುವಿ ಹೊಲಿಗೆ ನೋಡುವುದು ಹೇಗೆ?

ಆದರೆ ಆ ಕವರನ್ನು ನಾನು ಒಮ್ಮೆ ಮುಟ್ಟಿದ ನೆನಪಿತ್ತು. ಬರೀ ನೆನಪಲ್ಲ, ಈ ಹುಚ್ಚಿಗೆಲ್ಲ ಮೂಲವೇ ಅದು.

ಕಾಕಾ ಕೊನೆಯ ಸಲ ಸೂಟಿಗೆ, ಅಂದರೆ ರಜೆಗೆ, ಬಂದಿದ್ದಾನೆ. ಶಿರಗುಪ್ಪಿ ಮನೆಯ ಅಂಗಳ. ಹೆಲ್ಮೆಟ್ ತಂದು ನನ್ನ ತಲೆಗೆ ಹಾಕುತ್ತಾನೆ. ಅದು ಕಣ್ಣು ದಾಟಿ ಮೂಗಿನವರೆಗೆ ಇಳಿಯುತ್ತದೆ. ಒಳಗೆ ಕತ್ತಲೆ. ಎಣ್ಣೆಯ, ಬೆವರಿನ ವಾಸನೆ. ಕೈ ಎತ್ತಿ ತಡವರಿಸುತ್ತೇನೆ, ಬೆರಳಿಗೆ ಒರಟು ಬಟ್ಟೆ ತಾಗುತ್ತದೆ, ಬಟ್ಟೆಯ ಮೇಲೆ ತಣ್ಣನೆಯ ಒಂದು ಹಿತ್ತಾಳೆ ಗುಂಡಿ. ಹೊರಗಿನಿಂದ ಕಾಕಾ ನಗುವುದು ಕೇಳುತ್ತದೆ.

ಕಾಕಾನ ಮುಖ ನನಗೆ ಫೋಟೋದಿಂದ ಮಾತ್ರ ಗೊತ್ತು. ಅವನ ದನಿ ಮರೆತಿದೆ. ಆ ಗುಂಡಿ ಮಾತ್ರ ಇವತ್ತಿಗೂ ಬೆರಳ ತುದಿಯಲ್ಲಿದೆ.

ಸಾವಿತ್ರಿ ಹೋದಮೇಲೆ ಗಂಟು ಬಿಚ್ಚಿದೆ. ಕಿಟಕಿಯ ಬೆಳಕಿಗೆ ಹಿಡಿದೆ.

ಗುಂಡಿ ಇರಲಿಲ್ಲ. ಗುಂಡಿ ಇದ್ದು ಕಿತ್ತುಹೋದ ಗುರುತೂ ಇರಲಿಲ್ಲ. ಅಂಚಿನಲ್ಲಿ ಲಾಡಿ ಪೋಣಿಸುವ ಮಡಿಕೆ, ಅದರೊಳಗೊಂದು ಲಾಡಿ. ಅಷ್ಟೇ. ಕಾರ್ಖಾನೆಯ ಮುದ್ರೆ ಇಲ್ಲ, ಹೆಸರಿಲ್ಲ, ನಂಬರಿಲ್ಲ. ತೊಟ್ಟ ಕವರು ಹೊರಗಡೆ ಬಿಸಿಲಿಗೆ ಮಾಸಿರಬೇಕು, ಒಳಗಡೆ ಬಣ್ಣ ಉಳಿದಿರಬೇಕು. ಇದು ಎರಡೂ ಕಡೆ ಒಂದೇ ಸಮ ಮಾಸಿತ್ತು. ಉಕ್ಕಿನ ಅಂಚಿಗೆ ತಿಕ್ಕಿದಲ್ಲಿ ಜಿಡ್ಡು, ತುಕ್ಕು ಇರಬೇಕು. ಇರಲಿಲ್ಲ. ಮಿಲಿಟರಿ ಬಟ್ಟೆ ಗಡುಸಾಗಿರುತ್ತದೆ, ಇದು ಅಜ್ಜನ ಹಳೆಯ ಧೋತರದ ಹಾಗೆ ಮೆತ್ತಗಿತ್ತು.

ಒಂದಲ್ಲ, ಐದಾರು ಗುಣದಲ್ಲಿ ನಪಾಸು.

ಒಂದು ಪರೀಕ್ಷೆ ಉಳಿದಿತ್ತು, ದಾರ ಸುಡುವುದು. ಲಾಡಿಯ ತುದಿಯಲ್ಲಿ ಒಂದು ಎಳೆ ಬಿಚ್ಚಿಕೊಂಡೇ ಇತ್ತು. ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದೆ. ಕಡ್ಡಿ ಗೀರಲಾಗಲಿಲ್ಲ. ಬೇರೆಯವರು ತಂದ ಎಷ್ಟೋ ಕವರುಗಳ ದಾರ ಸುಟ್ಟಿದ್ದೇನೆ. ಇದರದು ಆಗಲಿಲ್ಲ. ನಕಲಿ ಎಂದು ಮುಕ್ಕಾಲು ನಂಬಿದ ವಸ್ತುವಿನ ಒಂದು ಎಳೆ ಸುಡಲು ನನಗೇಕೆ ಕೈ ಬರಲಿಲ್ಲ? ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದವರು ಯಾವ ಮಾತಿಗೂ ‘ಆಧಾರ ಎಲ್ಲಿ’ ಎಂದು ಕೇಳುತ್ತಿದ್ದರು. ನಾನೂ ಹುಡುಗರಿಗೆ ಅದನ್ನೇ ಕೇಳುತ್ತೇನೆ. ಆದರೂ.

ಸುಡದೆ ನೋಡುವ ದಾರಿ ಇದೆಯಲ್ಲ ಎಂದು ನೋಟಿನ ದೀಪ ನೆನಪಾಯಿತು. ಹುಬ್ಬಳ್ಳಿಯ ಬಸ್ಸು ಹತ್ತಿದೆ.

ದುರ್ಗದಬೈಲಿನ ಆ ಅಂಗಡಿ ನನ್ನ ಕಾಲೇಜು ಗೆಳೆಯ ಪ್ರಕಾಶನದು. ಗಂಟು ಬಿಚ್ಚುವುದನ್ನು ನೋಡಿದ.

“ಯಾರ ಕೂಸಿನ ಕುಂಚಿಗಿ ತಂದೀಪಾ?”

“ನಮ್ಮ ಕಾಕಾಂದು. ದೀಪ ಹಚ್ಚು.”

ಸೀರೆ ನೋಡುತ್ತಿದ್ದ ಗಿರಾಕಿಗಳಿಗೆ ಕಾಣದಂತೆ ಪ್ರಕಾಶ ಡಬ್ಬಿಯನ್ನು ಗಲ್ಲಾದ ಮರೆಗೆ ಎಳೆದುಕೊಂಡ. ನಾನು ಕವರನ್ನು ಕೆಳಗೆ ಹಿಡಿದೆ. ನೀಲಿಯಾಗಿ ಬೆಳಗಿತು. ಹೊಲಿಗೆ, ಬಟ್ಟೆ, ಲಾಡಿ, ಎಲ್ಲ.

“ಇದು ನೋಟ್ ಆಗಿದ್ರ ನಾ ತಿರಗಿ ಕೊಡ್ತಿದ್ದೆ ನೋಡು” ಅಂದ ಪ್ರಕಾಶ, ಮೆಲ್ಲಗೆ. ಆಮೇಲೆ ನನ್ನ ತೋಳು ತೋರಿಸಿದ. “ಆದ್ರ ಅದಕ್ಕಿಂತ ನಿನ್ನ ಅಂಗಿನಽ ಜಾಸ್ತಿ ಹೊಳ್ಯಾಕತ್ತೈತಿ. ನೀನೂ ನಕಲಿ ಏನೋ?”

ನನ್ನ ಬಿಳಿ ಅಂಗಿಯ ತೋಳು ಆ ಬೆಳಕಿನಲ್ಲಿ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿತ್ತು. ನೋಡಿದೆ. ಯೋಚಿಸಲಿಲ್ಲ.

ಯೋಚಿಸಿದ್ದೆಲ್ಲ ಬೇರೆ. ಇದು ನಕಲಿಯಾದರೆ ಅಸಲಿ ಎಲ್ಲಿ? ಹಿತ್ತಾಳೆ ಗುಂಡಿಯದು? ಯಾರಾದರೂ ಹಳೆ ಸಾಮಾನಿನವರು ಊರಿಗೆ ಬಂದು ಅದಲು ಬದಲು ಮಾಡಿದರೇ? ಮನೆಯವರೇ ಯಾರಾದರೂ? ಯಾರನ್ನು ಅನುಮಾನಿಸಲಿ? ಅಥವಾ ಮೂಲದ್ದು ಇಲಿ ಕಡಿದು ಹಾಳಾಗಿ, ಕಾಕಿಯೇ ಯಾರಿಗೂ ಹೇಳದೆ ಹೊಸದೊಂದು ಹೊಲಿದಿಟ್ಟಳೇ? ಕೌದಿ ಹೊಲಿಯುವ ಕೈ ಅವಳದು. ಇದೇನು ದೊಡ್ಡ ಕೆಲಸ?

ಭಾನುವಾರ ಶಿರಗುಪ್ಪಿಗೆ ಹೊರಟೆ. ಬಸ್ಸಿನಲ್ಲಿ ಕೂತು, ಹೇಳಬೇಕಾದ ಮಾತನ್ನು ನಾಲ್ಕು ರೀತಿಯಲ್ಲಿ ಕಟ್ಟಿ ನೋಡಿದೆ. ಹೊರಗೆ ಎರೆ ಹೊಲದಲ್ಲಿ ಹೆಸರು ಹೂವಿಗೆ ಬಂದಿತ್ತು. ಯಾವ ರೀತಿಯೂ ಸರಿಯಾಗಲಿಲ್ಲ. ಗಂಡನ ದೇಹ ನೋಡದ ಹೆಂಗಸಿಗೆ, ಅದರ ಬದಲು ಬಂದದ್ದೂ ಖರೆಯದಲ್ಲ ಎಂದು ಹೇಳುವ ರೀತಿ ಯಾವುದು?

ಬಸ್ ಇಳಿದಲ್ಲಿ ಸಾಲೆಯ ಹೆಡ್ ಮಾಸ್ತರರು ಸಿಕ್ಕರು. ಕಪಾಟಿಗೆ ಗಾಜು ಕೂರಿಸಿ ಆಗಿದೆಯಂತೆ.

“ಕವರಿನ ಕೆಳಗ ಒಂದು ಚೀಟಿ ಅಂಟಸ್ತೀವ್ರಿ ಸರ. ಇದು ಇವರದು, ಇಂಥಾ ಯುದ್ಧದಾಗ ತೊಟ್ಟದ್ದು ಅಂತ. ನೀವು ಬಲ್ಲಾವ್ರು, ಹೌದಂತ ಒಂದು ಸಹಿ ಮಾಡಿದ್ರ ಮುಗೀತು.”

“ಅಲ್ಲ ಅಂತ ಆದ್ರ?”

ಮಾಸ್ತರರು ನನ್ನ ಮುಖ ನೋಡಿದರು. “ಆದ್ರೂ ಏನ್ರಿ ಸರ? ಹುಡುಗೂರು ನೋಡಿ ಕೈ ಮುಗೀಬೇಕು ಅಷ್ಟ. ದಾರ ಎಣಸಾಕ ಯಾರ ಬರ್ತಾರ?”

ಕೆಟ್ಟ ಮನುಷ್ಯರಲ್ಲ. ಆ ಕಪಾಟಿಗಾಗಿ ಊರೆಲ್ಲ ಅಡ್ಡಾಡಿದವರು ಅವರೇ. ನಾನು ನೋಡೋಣ ಎಂದು ಮುಂದೆ ನಡೆದೆ.

ಕಾಕಿ ಪಡಸಾಲೆಯಲ್ಲಿ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದಳು. ಸಾವಿತ್ರಿ ಚುರುಮುರಿ ತಂದಿಟ್ಟು, “ಪ್ರೊಫೆಸರ್ ಸಾಹೇಬ್ರು ಪರೀಕ್ಷಾದ ನಿಕಾಲಿ ತಂದಾರವ್ವ” ಎಂದು ಬಾಗಿಲಿಗೆ ಒರಗಿ ನಿಂತಳು. ನಾನು ಗಂಟನ್ನು ಕೌದಿಯ ಅಂಚಿನಲ್ಲಿಟ್ಟೆ.

“ಕಾಕಿ, ಇದು ಆಗಿನ ಕಾಲದ್ದು ಅನ್ಸೂದಿಲ್ಲ.”

“ಅಂದ್ರ?”

“ಈಚೀಕಡೆ ಹೊಲದದ್ದು. ನೋಟ್ ನೋಡೂ ದೀಪ ಇರ್ತೈತಲ್ಲ, ಅದರ ಕೆಳಗ ಹಿಡದೆ. ಹಳೇ ಬಟ್ಟಿ ಹೊಳ್ಯೂದಿಲ್ಲ. ಇದು ಹೊಳೀತೈತಿ.”

ಸೂಜಿ ನಿಂತಿತು.

“ಹೊಳೀತೈತಿ?”

“ಹೂಂ.”

“ಛಲೋ ಹೊಳೀತೈತೇನು?”

ಛಲೋ ಹೊಳೆಯುತ್ತದೆ ಎಂದೆ.

“ಹೊಳೀಲಾರದ ಏನ್ ಮಾಡ್ತೈತೋ. ವರ್ಷಾ ವರ್ಷಾ ಖಂಡೇಪೂಜಿ ಹಿಂದಿನ ದಿನ ನಾ ತೊಳ್ಯೂದಿಲ್ಲೇನು? ಮದಲ ಅಂಟವಾಳಕಾಯಿಲೆ ತೊಳೀತಿದ್ದೆ. ಸಾವಿ ಸಾಲಿಗೆ ಹೋಗಾಕ ಹತ್ತಿದ ಮ್ಯಾಲ ಮನಿಗೆ ಪೌಡರ ಬಂತು, ಆಗಿಂದ ಪೌಡರಿನ್ಯಾಗ ನೆನಿ ಇಡ್ತೀನಿ. ತೊಳೀಲಾರದ್ದು ಜಗಲಿ ಏರಬಾರ್ದಲ್ಲ.”

ನಮ್ಮ ಕಡೆ ಮಹಾನವಮಿಗೆ ಖಂಡೇಪೂಜೆ. ಕುಡುಗೋಲು, ಕೂರಿಗೆ, ತಕ್ಕಡಿ, ಸೈಕಲ್ಲು, ಯಾರ ಹೊಟ್ಟೆಗೆ ಯಾವುದು ಆಧಾರವೋ ಅದನ್ನು ತೊಳೆದು ವಿಭೂತಿ ಹಚ್ಚುತ್ತಾರೆ. ಕಾಕಿಯ ಮನೆಯಲ್ಲಿ ಕುಡುಗೋಲಿನ ಪಕ್ಕ ಈ ಕವರು.

ಅಂಗಿಯ ತೋಳು ಆಗ ನೆನಪಾಯಿತು. ಆ ಬೆಳಗಿಸುವ ರಾಸಾಯನಿಕ ಗಿರಣಿಯಲ್ಲಷ್ಟೇ ಅಲ್ಲ, ಬಟ್ಟೆ ತೊಳೆಯುವ ಪೌಡರಿನಲ್ಲೂ ಇರುತ್ತದೆ. ಸೈಬರ್ ಕೆಫೆಯಲ್ಲಿ ಓದಿದ ಆ ಪುಟದ ಕೆಳಗೆ ಒಂದು ಸಾಲಿತ್ತು: ವಸ್ತುವನ್ನು ಪೌಡರಿನಲ್ಲಿ ತೊಳೆದಿದ್ದರೆ ಈ ಪರೀಕ್ಷೆ ನಡೆಯದು. ನಾನು ಅದನ್ನು ಓದಿ ದಾಟಿದ್ದೆ. ಏಕೆಂದರೆ ಯಾವ ಸಂಗ್ರಾಹಕನೂ ತೊಳೆಯುವುದಿಲ್ಲ. ಅವನಿಗೆ ಕೊಳೆಯೇ ಬೆಲೆ. ಬೆವರು, ತುಕ್ಕು, ಮಣ್ಣು, ಅದೇ ಸಾಕ್ಷಿ. ತೊಳೆದವನು ವಸ್ತು ಕೆಡಿಸಿದಂತೆ. ನಮ್ಮಲ್ಲಿ? ತೊಳೆಯದೆ ಬಿಟ್ಟವನು ವಸ್ತುವನ್ನು ಕೈಬಿಟ್ಟಂತೆ.

ಎರಡೂ ಕಡೆ ಒಂದೇ ಸಮ ಮಾಸಿದ್ದು, ಅಂಚಿನಲ್ಲಿ ಜಿಡ್ಡಿಲ್ಲದ್ದು, ಬಟ್ಟೆ ಮೆತ್ತಗಾದದ್ದು, ಎಲ್ಲಕ್ಕೂ ಉತ್ತರ ಒಂದೇ ಕಲ್ಲಿನ ಮೇಲಿತ್ತು. ಹಿತ್ತಲ ಬಾವಿಯ ಪಕ್ಕದ ಒಗೆಯುವ ಕಲ್ಲು. ಮುದ್ರೆ, ಹೆಸರು ಏನಾದರೂ ಇದ್ದಿದ್ದರೂ ಅಲ್ಲೇ ಹೋಗಿರಬೇಕು.

ಆದರೂ ನನ್ನ ಬಳಿ ಇನ್ನೊಂದು ಸಾಕ್ಷಿ ಉಳಿದಿತ್ತು. ತೊಳೆದರೂ ಹೋಗದ್ದು.

“ಆದ್ರ ಗುಂಡಿ ಎಲ್ಲೈತಿ ಕಾಕಿ? ಕಾಕಾ ನನ್ನ ತಲಿಗೆ ಹೆಲ್ಮೆಟ್ ಹಾಕಿದ್ದ, ಇದಽ ಅಂಗಳದಾಗ. ಕವರಿಗೆ ಹಿತ್ತಾಳಿ ಗುಂಡಿ ಇತ್ತು. ನಾ ಮುಟ್ಟಿ ನೋಡೀನಿ. ಇದಕ್ಕ ಗುಂಡಿನಽ ಇಲ್ಲ.”

ಕಾಕಿ ನನ್ನನ್ನೇ ನೋಡಿದಳು. ಆಮೇಲೆ ಅವಳ ತುಟಿಯಲ್ಲಿ ಸಣ್ಣ ನಗು ಬಂತು. ಆ ಮನೆಯಲ್ಲಿ ಕಾಕಾನ ಮಾತು ಬಂದಾಗ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ಸೂಟಿಗೆ ಬರಾವ್ರು ಹೆಲ್ಮೆಟ್ ಹೊತಗೊಂಡ ಬರ್ತಾರೇನೋ ಹುಚ್ಚಾ? ಅದು ಸರಕಾರದ್ದು, ಅಲ್ಲೇ ಇಟ್ಟ ಬರ್ತಾರ. ನೀ ಟೊಪ್ಪಿಗಿ ಬೇಕಂತ ಹಟ ಹಿಡದಿದ್ದಿ. ಅವರು ಅಡಿಗಿ ಮನ್ಯಾಗಿಂದ ಎಣ್ಣಿ ಬೋಗೋಣಿ ತಂದು, ಅದರ ಮ್ಯಾಲ ತಮ್ಮ ಖಾಕಿ ಅಂಗಿ ಸುತ್ತಿ ನಿನ್ನ ತಲಿಗೆ ಬೋರಲ ಹಾಕಿದ್ರು. ಅಂಗೀ ಗುಂಡಿ ಅದು. ನೀ ಒಳಗ ಚಿಟ್ಟನ ಚೀರಿದಿ. ನಿಮ್ಮವ್ವ ಬಂದು ಬೈದು ತಗದ್ಲು. ಬೋಗೋಣಿ ಇನ್ನೂ ಐತಿ, ತೋರಸ್ಲೇನು?”

ಬಾಗಿಲಲ್ಲಿದ್ದ ಸಾವಿತ್ರಿ, “ಅದರಾಗ ಈಗೂ ಕರದ ಎಣ್ಣಿ ಇಡ್ತೀವಿ ಅಣ್ಣಾ” ಅಂದಳು.

ತೋರಿಸುವುದು ಬೇಡ ಎಂದೆ.

ಎಣ್ಣೆಯ ವಾಸನೆ ಖರೆ. ಕತ್ತಲೆ ಖರೆ. ಒರಟು ಬಟ್ಟೆ ಖರೆ, ಗುಂಡಿಯೂ ಖರೆ. ಹೆಲ್ಮೆಟ್ ಮಾತ್ರ ಇರಲೇ ಇಲ್ಲ. ಮೂವತ್ತನಾಲ್ಕು ವರ್ಷ ನಾನು ತಲೆಯಲ್ಲಿ ಹೊತ್ತು ತಿರುಗಿದ್ದು, ಯಾವುದರ ಎದುರಿಗೆ ಇಟ್ಟು ಎಲ್ಲ ಕವರುಗಳನ್ನು ಅಳೆದಿದ್ದೆನೋ ಅದು, ಒಂದು ಬೋಗೋಣಿ. ನನ್ನ ಸಂಗ್ರಹದಲ್ಲಿದ್ದ ಮೊಟ್ಟಮೊದಲ ನಕಲಿ. ಕಾಕಾನೇ ಕೈಯಾರೆ ಮಾಡಿಕೊಟ್ಟದ್ದು.

(ಕಾಕಿಯ ನೆನಪೇ ಖರೆ ಎನ್ನಲು ಆಧಾರ ಏನು ಎಂದು ಆಗಲೂ ಒಳಗೊಬ್ಬ ಕೇಳಿದ. ಅವನಿಗೆ ಸೂಟಿಯ ವಿಷಯ ಹೇಳಿ ಸುಮ್ಮನಿರಿಸಿದೆ. ಸೂಟಿಗೆ ಬರುವವನು ಉಕ್ಕಿನ ಹೆಲ್ಮೆಟ್ ತರುವುದಿಲ್ಲ. ಇಷ್ಟು ಓದಿದ ನನಗೆ ಇದು ಗೊತ್ತೇ ಇತ್ತು. ನನ್ನ ನೆನಪಿಗೆ ಮಾತ್ರ ಈ ಪ್ರಶ್ನೆ ಒಮ್ಮೆಯೂ ಕೇಳಿರಲಿಲ್ಲ.)

“ಹಂಗಾರ ಇದು ಖರೇದು ಇರಬಹುದು ಕಾಕಿ” ಅಂದೆ. “ನಕಲಿ ಅನ್ನಾಕ ಈಗ ನನ್ನ ಕಡೆ ಏನೂ ಉಳದಿಲ್ಲ.”

ಅವಳಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಕಾಕಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

“ಮಿಲಿಟ್ರಿದು ಹೌದೋ ಅಲ್ಲೋ ಅಂತ ನಾ ಕೇಳಿದ್ದಿಲ್ಲ. ಮಿಲಿಟ್ರಿಯಿಂದ ಬಂದ ಟ್ರಂಕಿನ್ಯಾಗ ಮತ್ತೇನ ಬರ್ತೈತಿ? ಸಾವೀ, ಮಾಡದಾಗಿಂದ ಅದನ್ನ ತಾ.”

ನಮ್ಮ ಕಡೆ ಮಾಡ ಎಂದರೆ ಗೋಡೆಯ ಗೂಡು. ಜಗಲಿಯ ಪಕ್ಕದ ಮಾಡದಿಂದ ಸಾವಿತ್ರಿ ಒಂದು ಚಸ್ಮಾ ತಂದಳು. ಕಪ್ಪು ಚೌಕಟ್ಟು. ಒಂದು ಕಿವಿಯ ಕಡ್ಡಿ ಮುರಿದು ದಾರ ಕಟ್ಟಿದ್ದು. ಗಾಜು ಸ್ವಚ್ಛವಾಗಿತ್ತು.

“ಟ್ರಂಕ ತಗದ ದಿನ ಇದು ಈ ಕವರಿನ್ಯಾಗ ಸುತ್ತಿತ್ತು” ಅಂದಳು ಕಾಕಿ. “ನಿಮ್ಮ ಕಾಕಾಗ ಚಸ್ಮಾ ಎಲ್ಲಿತ್ತೋ? ಗುಡ್ಡದ ಮ್ಯಾಲಿನ ಕುರಿ ಎಣಿಸಾವ್ರು ಅವರು. ನಿಮ್ಮಪ್ಪಗ ತೋರಿಸ್ದೆ. ಇರ್ಲಿ ಬಿಡವಾ, ಯಾರದೋ ಕೂಡಿ ಬಂದೈತಿ ಅಂದ್ರು. ನನ್ನ ಮುಂದ ಅಷ್ಟ ಅಂದ್ರು. ಆಮ್ಯಾಲ ಹಿತ್ತಲಕ್ಕ ಹೋಗಿ ಅತ್ರು.”

ಅಪ್ಪ ಇದನ್ನು ನನಗೆಂದೂ ಹೇಳಿರಲಿಲ್ಲ.

“ಚಸ್ಮಾ ಅವರದಲ್ಲ, ಅದು ಗೊತ್ತು. ಅದಕ್ಕ ಮಾಡದಾಗ ಇಟ್ಟೀನಿ. ಕವರು ಅವರದ ಇದ್ದೀತು ಅಂತ ಜಗಲಿ ಮ್ಯಾಲ ಇಟ್ಟೀನಿ. ಆದ್ರ ಚಸ್ಮಾದಾಂವ ತನ್ನ ಚಸ್ಮಾನ್ನ ತನ್ನ ಕವರಿನ್ಯಾಗ ಸುತ್ತಿರಬೇಕಲ್ಲೋ? ಮನ್ಯಾಗ ಇರೂತನಕ ನಡೀತು. ಈಗ ಸಾಲ್ಯಾಗ ಹೆಸರ ಬರದ ಇಡ್ತಾರಂತ. ಬ್ಯಾರೇದಾಂವಂದಕ್ಕ ನಿಮ್ಮ ಕಾಕಾನ ಹೆಸರ ಬರದ್ರ ಆ ಮನಷ್ಯಾ ಎಲ್ಲಿ ಹೋಗ್ಬೇಕು? ಅದನ್ನ ನೋಡಂತ ಕಳಿಸಿದ್ದೆ.”

ನಾನು ಚಸ್ಮಾ ಹಾಕಿಕೊಂಡೆ. ಈಚೆಗೆ ನನಗೆ ಹತ್ತಿರದ್ದು ಮಸುಕು, ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುತ್ತ ಬಂದಿದ್ದೇನೆ. ಕೌದಿಯ ಹೊಲಿಗೆಗಳು ಒಮ್ಮೆಲೇ ದಪ್ಪಗೆ, ಬಿಡಿಬಿಡಿಯಾಗಿ ಎದ್ದು ನಿಂತವು. ಅದು ಓದುವ ಚಸ್ಮಾ, ನಲವತ್ತರ ಆಸುಪಾಸಿನ ಮನುಷ್ಯನದು. ಕಾಕಾ ಮೂವತ್ತು ಮುಟ್ಟಿರಲಿಲ್ಲ. ಟ್ರಂಕು ತುಂಬಿದ ಕೈಗೆ ಅಂದು ಎಷ್ಟು ಜನರ ಸಾಮಾನು ಮುಂದಿತ್ತೋ, ಯಾವ ಅವಸರವಿತ್ತೋ, ಯಾವ ದುಃಖವಿತ್ತೋ. ಅದನ್ನು ದೂರಲು ನಾನು ಯಾರು?

ಆ ಚಸ್ಮಾದಲ್ಲೇ ಕವರನ್ನು ಮತ್ತೆ ನೋಡಿದೆ. ಹೊಲಿಗೆ ಈಗ ಸ್ವಚ್ಛ ಕಂಡಿತು. ಒಂದೊಂದು ಟಾಕಾ ಎಣಿಸಬಹುದಿತ್ತು. ಮಡಿಕೆ ಬಿಡಿಸಿ ಒಳಗೆ ನೋಡಿದೆ, ತಿರುವಿ ನೋಡಿದೆ, ಅಂಗಳದ ಬೆಳಕಿಗೆ ಒಯ್ದು ನೋಡಿದೆ. ಯಾವ ದೇಶದ ಯಾವ ಪುಟದಲ್ಲೂ ಈ ಪ್ರಶ್ನೆಗೆ ಪರೀಕ್ಷೆ ಇರಲಿಲ್ಲ. ಖರೆ ಯಾವುದು, ನಕಲಿ ಯಾವುದು ಎಂದು ಹೇಳಿಕೊಡುವವರು ಬಹಳ. ಇವನದೋ ಅವನದೋ ಎಂದು ಹೇಳುವವರು ಯಾರು?

“ಗೊತ್ತಾಗೂದಿಲ್ಲ ಕಾಕಿ.”

“ಈಗ ಗೊತ್ತಾಗೂದಿಲ್ಲೋ, ಯಾವಾಗ್ಲೂ ಗೊತ್ತಾಗೂದಿಲ್ಲೋ?”

ಸುಳ್ಳು ಹೇಳುವುದಿದ್ದರೆ ಹೊತ್ತು ಅದೇ. ಅವರದೇ ಕಾಕಿ, ಎಂದರೆ ಮುಗಿಯುತ್ತಿತ್ತು.

“ಯಾವಾಗ್ಲೂ.”

ಹೊರಗೆ ಯಾರದೋ ಚಕ್ಕಡಿ ಹೋಯಿತು. ಅದು ಹೋದಮೇಲೆ ಕಾಕಿ ಕವರನ್ನು ಎತ್ತಿ ತೊಡೆಯ ಮೇಲಿಟ್ಟು, ಅಂಗೈಯಿಂದ ಸುಕ್ಕು ತೀಡಿದಳು.

“ಛಲೋ ಆತು” ಅಂದಳು.

ನನಗೆ ತಿಳಿಯಲಿಲ್ಲ.

“ಅವರದಽ ಅಂದಿದ್ರ ಸಾಲಿಗೆ ಕೊಡಬೇಕಾಗಿತ್ತು, ಊರ ಮಂದಿಗೆ ಮಾತ ಕೊಟ್ಟೀನಿ. ಅವರದಲ್ಲ ಅಂದಿದ್ರ ಜಗಲಿ ಮ್ಯಾಲಿಂದ ತಗದು ಮಾಡದಾಗ ಇಡಬೇಕಾಗಿತ್ತು. ಎರಡೂ ನನಗ ಆಗ್ತಿದ್ದಿಲ್ಲ. ಗೊತ್ತಿಲ್ಲ ಅಂದ್ಯಲ್ಲ, ಇದ್ದಲ್ಲೇ ಇರ್ಲಿ. ಮಾಸ್ತರಗ ಹೇಳು, ಫೋಟೋ ಒಯ್ರಿ, ಬೆಲ್ಟ್ ಒಯ್ರಿ, ಬೆಲ್ಟಿನ ಮ್ಯಾಲ ಅವರ ನಂಬರ ಐತಿ. ಕವರು ಕೊಡಾಂಗಿಲ್ಲಂತ ಹೇಳು.”

“ಯಾಕ ಅಂದ್ರ?”

“ಇಬ್ಬರದು ಐತಂತ ಹೇಳು.”

ಮಾಸ್ತರರಿಗೆ ಹಾಗೆಯೇ ಹೇಳಿದೆ. ಅವರು ಬೇಸರಪಟ್ಟುಕೊಂಡರು. ಕಪಾಟಿನ ನಡುವಿನ ಹಲಗೆಯನ್ನು ಅಳತೆ ಮಾಡಿ ಆ ಕವರಿಗೆಂದೇ ಕೂರಿಸಿದ್ದರಂತೆ. ಅದು ಖಾಲಿ ಉಳಿಯುತ್ತದಲ್ಲ ಸರ, ಅಂದರು. ಉಳಿಯಲಿ ಎಂದೆ. ಆ ಹಲಗೆಗೆ ಏನು ಚೀಟಿ ಅಂಟಿಸುತ್ತಾರೋ ನಾನು ಕೇಳಲಿಲ್ಲ.

ಸಂಶಯ ಪಡುವುದನ್ನು ನಾನು ಇಷ್ಟು ವರ್ಷ ಕೀಳುವ ಕೆಲಸಕ್ಕೆ ಬಳಸಿದ್ದೇನೆ. ಇದು ಸುಳ್ಳು, ಇದು ಆಮೇಲೆ ಸೇರಿಸಿದ್ದು, ಇದಕ್ಕೆ ಆಧಾರವಿಲ್ಲ. ತಪ್ಪೆಂದು ಈಗಲೂ ಅನ್ನುವುದಿಲ್ಲ. ಆದರೆ ನನ್ನ ‘ಗೊತ್ತಿಲ್ಲ’ ಎಂಬ ಒಂದು ಮಾತಿನ ಮೇಲೆ ಒಂದು ವಸ್ತು ತನ್ನ ಜಾಗದಲ್ಲಿ ಉಳಿದದ್ದು ಇದೇ ಮೊದಲು.

ವಾಪಸು ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಆ ಅಂಗಳವನ್ನು ನೆನೆಸಿಕೊಂಡೆ. ಬೋಗೋಣಿ ಕಾಣಲಿ ಎಂದು ಪ್ರಯತ್ನಪಟ್ಟೆ. ಕಾಣಲಿಲ್ಲ. ಮತ್ತೆ ಅದೇ ಹೆಲ್ಮೆಟ್, ಅದೇ ಕವರು, ಅದೇ ಗುಂಡಿ. ತಪ್ಪೆಂದು ಗೊತ್ತಾದ ನೆನಪು ತಿದ್ದಿಕೊಳ್ಳುವುದಿಲ್ಲ. ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ಹೊಡೆದು ಹಾಕಿದ ಸಾಲಿನ ಹಾಗೆ, ಹೊಡೆದ ಗೆರೆಯ ಕೆಳಗೆ ಓದಲು ಬರುವಂತೆಯೇ ಇರುತ್ತದೆ.

ಈ ಖಂಡೇಪೂಜೆಗೂ ಕಾಕಿ ಕವರನ್ನು ತೊಳೆಯುತ್ತಾಳೆ. ಜೊತೆಗೆ ಆ ಚಸ್ಮಾದ ಗಾಜನ್ನೂ ಒರೆಸಿ ಒಂದು ಹೂವಿಡುತ್ತಾಳೆ. ಹಿಂದಿನಿಂದಲೂ ಇಡುತ್ತಿದ್ದಳಂತೆ, ನಾನು ಎಂದೂ ಆ ಕಡೆ ನೋಡಿರಲಿಲ್ಲ. ಅದರ ಒಡೆಯ ಯಾವ ಊರಿನವನೋ, ಯಾವ ಭಾಷೆಯವನೋ. ಅವನ ಮನೆಗೂ ಒಂದು ಟ್ರಂಕು ಹೋಗಿರಬೇಕು. ಅದರಲ್ಲಿ ಅವನ ಚಸ್ಮಾ ಇದ್ದಿರಲಿಕ್ಕಿಲ್ಲ. ಚಸ್ಮಾ ಬಳಸದ ಯಾವನೋ ಒಬ್ಬ ಹುಡುಗನ ಕವರು ಇದ್ದಿರಬಹುದು.

ಅಲ್ಲಿ ಅದನ್ನು ಎಲ್ಲಿಟ್ಟಿದ್ದಾರೆ, ಜಗಲಿಯ ಮೇಲೋ, ಮಾಡದಲ್ಲೋ?